ಎಡಗಡೆಯ ಬಟನ್

ಕದ್ದ ಮಾಲು ಒಡತಿಯ ಕಣ್ಣೆದುರೇ ಹೊಳೆಯುತ್ತಿತ್ತು. ಎದುರಾಳಿ ಕಂಪನಿ ಬೆಳಿಗ್ಗೆ ಬಿಡುಗಡೆ ಮಾಡಿದ ಸಾಫ್ಟ್‌ವೇರ್. ಯಾರ ಬಟ್ಟೆ ಯಾವ ಹ್ಯಾಂಗರಿನಲ್ಲಿದೆ, ಯಾವುದು ಇಸ್ತ್ರಿಗೆ ಹೋಗಿದೆ, ಯಾವುದು ಗಿರಾಕಿಯ ಕೈ ಸೇರಿದೆ—ಲಾಂಡ್ರಿ ಅಂಗಡಿಗೆ ಬೇಕಾದ್ದೆಲ್ಲ ಅದರಲ್ಲಿತ್ತು. ಎಲ್ಲವೂ ಅವಳದೇ. ಬಣ್ಣ ಮಾತ್ರ ಬೇರೆ. ಪರರ ಮಗುವಿಗೆ ಹೊಸ ಅಂಗಿ ತೊಡಿಸಿ ನಮ್ಮದೇ ಎಂದ ಹಾಗೆ.

ಅಕ್ಕನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿನ ತುದಿಯಲ್ಲಿ ಕೂತು ಅವಳು ಅದನ್ನು ಬರೆದಿದ್ದಳು. ಅದರ ಮೇಲೆಯೇ ಈ ಕಂಪನಿ ನಿಂತಿತ್ತು. ಈಗ ಊರೂರಲ್ಲಿ ಲಾಂಡ್ರಿ ಇಟ್ಟಿರುವ ಭಾರೀ ಗಿರಾಕಿಯೊಬ್ಬ ಒಪ್ಪಂದಕ್ಕೆ ಸಿದ್ಧನಾಗಿದ್ದ. ಅವನು ಫೋನಿನಲ್ಲಿ ಹೇಳಿದ್ದು ಇಷ್ಟೇ: ಇಬ್ಬರ ಬಳಿಯೂ ಒಂದೇ ಸರಕು, ಅಸಲಿ ಯಾರದೆಂದು ನಾಳೆ ತೋರಿಸಿ, ಇಲ್ಲವಾದರೆ ಸಹಿ ಅವರಿಗೇ.

ಒಡತಿಗೆ ಕಳ್ಳ ಯಾರೆಂಬ ಅನುಮಾನವೇ ಇರಲಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿದ್ದ ಆ ಸಾಫ್ಟ್‌ವೇರಿನ ಮೂಲ ಬರಹ ತೆರೆಯಲು ಇಬ್ಬರಿಗೆ ಮಾತ್ರ ಸಾಧ್ಯ—ಅವಳಿಗೆ, ಮತ್ತು ಮುಖ್ಯ ಪ್ರೋಗ್ರಾಮರ್ ಗಡ್ಡನಿಗೆ. ಮೊನ್ನೆ ಗಡ್ಡ ಜಗಳವಾಡಿ, ಬಾಗಿಲು ದಡಾರೆಂದು ಹಾಕಿಕೊಂಡು ಹೋಗಿದ್ದ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಬಂದ ಕೂಡಲೇ ಅವನ ಕೊರಳಿನ ಕಾರ್ಡನ್ನು ಅವಳು ಕಸಿದುಕೊಂಡಿದ್ದಳು. ಸೋದರತ್ತೆಯನ್ನು ಕರೆಸಿದ್ದು ಅವನ ಬಾಯಿ ಬಿಡಿಸಲೆಂದು. ಅತ್ತೆ ಪೊಲೀಸ್ ಇನ್‌ಸ್ಪೆಕ್ಟರಾಗಿ ನಿವೃತ್ತಳಾದವಳು; ಕೋಪ ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು.

"ಕದ್ದೆಯೇನೋ?" ಎದುರಿಗೆ ಕೂರಿಸಿದ್ದ ಗಡ್ಡನನ್ನು ಅತ್ತೆ ನೇರವಾಗಿ ಕೇಳಿದಳು.

"ಇಲ್ಲ."

"ಕದಿಯೋಕೆ ಆಗ್ತಿತ್ತಾ?"

"ಅರ್ಧ ನಾನೇ ಬರೆದಿದ್ದು. ಆಗದೆ ಏನು?"

"ಸುಳ್ಳಾಡೋಕೂ ಬರಲ್ಲ ಇವನಿಗೆ," ಎಂದು ಗೊಣಗಿ ಅತ್ತೆ ಪರದೆಯತ್ತ ಬಾಗಿದಳು. ಇವರ ಸಾಫ್ಟ್‌ವೇರನ್ನು ಪಕ್ಕದಲ್ಲಿ ತೆರೆಸಿ ಎರಡನ್ನೂ ಹೋಲಿಸಿದಳು. "ಪುಟ್ಟೀ, ಈ 'ಕೊಟ್ಟಾಯ್ತು' ಬಟನ್ ಅವರಲ್ಲಿ ಎಡಗಡೆ, ನಿನ್ನಲ್ಲಿ ಬಲಗಡೆ. ಯಾಕೆ?"

"ಕಳ್ಳತನ ಮುಚ್ಚೋಕೆ ಅತ್ತೆ. ಬಣ್ಣ ಬದಲಿಸಿದ ಹಾಗೆ ಅದನ್ನೂ ಬದಲಿಸಿದ್ದಾರೆ."

"ನಿನ್ನದರಲ್ಲಿ ಯಾವತ್ತಾದ್ರೂ ಎಡಗಡೆ ಇತ್ತಾ?"

ಮೊಟ್ಟಮೊದಲು ಇತ್ತು ಎಂದಳು ಒಡತಿ. ಅಕ್ಕ ಎಡಚಿ, ಅವಳ ಕೈಗೆ ಹೊಂದಲೆಂದು ಹಾಗೆ ಮಾಡಿದ್ದು. ಉಳಿದ ಗಿರಾಕಿಗಳು ಗೊಣಗಿದಾಗ ಬಲಕ್ಕೆ ತಂದಳು. ಹೊಸದು ಬಂದರೆ ಹಳೆಯದನ್ನು ಆಫೀಸಿನಲ್ಲಿ ಎಲ್ಲೂ ಉಳಿಯದಂತೆ ಅಳಿಸುವುದು ಅವಳ ಪದ್ಧತಿ. ಹಳೇ ಹಾಸಿಗೆ ಇದ್ದರೆ ನಿದ್ದೆ ಜಾಸ್ತಿ ಎಂದು ಹುಡುಗರನ್ನು ಬೈಯುತ್ತಿದ್ದಳು.

ಇಲ್ಲಿ ಸಾಫ್ಟ್‌ವೇರ್ ಬರೆಯಲು ಬಾರದವರು ಯಾರಿದ್ದಾರೆ ಎಂದು ಅತ್ತೆ ಕೇಳಿದಳು. ಮಾರಾಟದ ಮುಖ್ಯಸ್ಥ ಒಬ್ಬನೇ ಎಂದಾಗ, ಅವನನ್ನು ಕರೆಸು ಎಂದಳು. ಮಾತಿನಲ್ಲೇ ಮನೆ ಕಟ್ಟುವ ಆಸಾಮಿ. ನಗುತ್ತ ಬಂದ. ಹೊಸದಾಗಿ ಒಗೆಸಿದ ಕೋಟನ್ನು ಜೋಪಾನವಾಗಿ ಬಿಚ್ಚಿ, ಕುರ್ಚಿಯ ಬೆನ್ನಿಗೆ ಹಾಕಿ ಕೂತ. ಪಾಪ ಮೇಡಂ, ಗಡ್ಡನನ್ನು ಎಷ್ಟು ನಂಬಿದ್ದರು ಎಂದು ಮರುಗಿದ.

"ನೀವು ಸಾಫ್ಟ್‌ವೇರ್ ಬರೀತೀರಾ?"

"ಅಯ್ಯೋ, ನನಗೆ ಅದರ ಬಾಲವೂ ಗೊತ್ತಿಲ್ಲ, ಕೊಂಬೂ ಗೊತ್ತಿಲ್ಲ. ಬೀಗದ ಒಳಗೆ ಏನಿದೆ ಅಂತಾನೂ ನೋಡಿಲ್ಲ."

"ಇವಳ ಅಕ್ಕನ ಅಂಗಡಿಗೆ ಹೋಗಿದ್ದಿರಾ?"

"ಅದು ಯಾವ ದಿಕ್ಕಿಗಿದೆ ಅಂತಲೇ ತಿಳೀದು ನನಗೆ."

ಅತ್ತೆ ಎದ್ದು ಹೋಗಿ ಕೋಟಿನ ಕಾಲರು ಮಗುಚಿದಳು. ಒಳಗೆ, ಎಡ ತುದಿಯಲ್ಲಿ, ಹಳದಿ ಬಟ್ಟೆಯ ಚಿಂದಿಯೊಂದು ದಾರದಲ್ಲಿ ಕಟ್ಟಿಕೊಂಡಿತ್ತು. "ಯಾರ ಗುರುತು ಇದು, ಪುಟ್ಟೀ?"

ಒಡತಿ ಆ ಚಿಂದಿಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಬೇರೆ ಅಂಗಡಿಯವರು ಗುರುತನ್ನು ಕಾಲರಿನ ನಡುವೆ ಹಾಕುತ್ತಾರೆ. ಎಡ ತುದಿಗೆ ಕಟ್ಟುವವಳು ಒಬ್ಬಳೇ. ಆ ಹಳದಿ ಬಟ್ಟೆಯನ್ನು ಬಾಲ್ಯದಲ್ಲಿ ಒಡತಿಯೂ ಕತ್ತರಿಸಿ ಕೊಟ್ಟಿದ್ದಳು.

"ಅಕ್ಕಂದು," ಎಂದಳು.

ಮುಖ್ಯಸ್ಥನ ನಗು ಮುಖದ ಮೇಲೆ ಹಾಗೇ ಉಳಿಯಿತು, ಇಳಿಸುವುದನ್ನು ಮರೆತಂತೆ.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದೆ ನೀನು," ಅತ್ತೆ ಸೊಸೆಯ ಮೇಲೆಯೇ ರೇಗಿದಳು. "ಗಡ್ಡ ಕದ್ದಿದ್ರೆ ತಾಜಾ ಮಾಲು ಕದೀತಿದ್ದ. ಹಳಸಿದ್ದು ಯಾಕೆ ಮುಟ್ತಾನೆ? ಹಳಸಿದ್ದು ಯಾವುದು, ಬಿಸಿ ಯಾವುದು ಅಂತ ಗೊತ್ತಿಲ್ಲದವನ ಕೆಲಸ ಇದು. ಎಡಗಡೆ ಬಟನ್ ಇರೋದು ಈಗ ಒಂದೇ ಕಡೆ. ನಿನ್ನ ಅಕ್ಕ ಹಟ ಹಿಡಿದು ಬದಲಾಯಿಸದೆ ಇಟ್ಕೊಂಡಿರೋ ಆ ಹಳೇ ಕಂಪ್ಯೂಟರಿನಲ್ಲಿ. ನೀನು ಬರೆದಿದ್ದೆಲ್ಲ ಅದರಲ್ಲೇ ಬಿದ್ದಿದೆ, ಬೀಗವಿಲ್ಲ, ಚಿಲಕವಿಲ್ಲ. ಇವನು ಕೋಟು ಒಗೆಸೋ ನೆಪದಲ್ಲಿ ಹೋಗಿದ್ದಾನೆ."

ಒಡತಿ ಅಲ್ಲೇ ಅಕ್ಕನಿಗೆ ಫೋನು ಮಾಡಿದಳು. ಹೌದು, ಬಂದಿದ್ದ, ಎಂದಳು ಅಕ್ಕ. ನೀನೇ ಕಳಿಸಿದ್ದು ಅಂದ, ಜೋಪಾನಕ್ಕೆ ಒಂದು ಪ್ರತಿ ಬೇಕು ಅಂದ, ನಾನೇ ಕುರ್ಚಿ ಹಾಕಿಕೊಟ್ಟೆ.

"ಆ ಕಂಪನಿಯವರು ಇಲ್ಲಿಗಿಂತ ದೊಡ್ಡ ಹುದ್ದೆ ಕೊಡ್ತೀವಿ ಅಂದ್ರು," ಎಂದ ಮುಖ್ಯಸ್ಥ, ನೆಲ ನೋಡುತ್ತ.

"ಹೋಗಿ ಕೂತ್ಕೊಳ್ಳಿ ಆ ಹುದ್ದೆಯಲ್ಲಿ," ಎಂದಳು ಒಡತಿ. "ಎಷ್ಟು ದಿನ ಇಟ್ಕೋತಾರೋ ನೋಡೋಣ. ಕೋಟು ಮಾತ್ರ ಇಲ್ಲೇ ಇರಲಿ. ಅದು ಸಾಕ್ಷಿ."

ಗಿರಾಕಿಯನ್ನು ನಾಳೆ ಅಕ್ಕನ ಅಂಗಡಿಗೇ ಕರೆದೊಯ್ಯುವುದೆಂದು ಅವಳಿಗೆ ಆಗಲೇ ಹೊಳೆದಿತ್ತು. ವರ್ಷಗಟ್ಟಲೆಯ ಬಟ್ಟೆಗಳ ಲೆಕ್ಕ ಅಲ್ಲಿನ ಹಳೇ ಕಂಪ್ಯೂಟರಿನಲ್ಲಿದೆ. ಅಕ್ಕ ಎಡಗೈಯಲ್ಲಿ ಆ ಬಟನ್ ಒತ್ತುವುದನ್ನು ಒಮ್ಮೆ ನೋಡಿದರೆ ಸಾಕು, ಅಸಲಿ ಯಾರದೆಂದು ಯಾರೂ ವಾದಿಸಬೇಕಿಲ್ಲ.

ಅವಳು ಕಾರ್ಡನ್ನು ಮೇಜಿನ ಮೇಲೆ ಗಡ್ಡನ ಕಡೆಗೆ ತಳ್ಳಿದಳು. ಬೆಳಿಗ್ಗೆ ಕಸಿದುಕೊಂಡಷ್ಟು ಸಲೀಸಾಗಿರಲಿಲ್ಲ ಅದು.

"ತಪ್ಪಾಯ್ತು ಕಣೋ."

ಗಡ್ಡ ಕಾರ್ಡನ್ನು ಕೊರಳಿಗೆ ಹಾಕಿಕೊಂಡ. "ನಾಳೆ ನಾನೂ ಬರಬೇಕಾ, ಅಕ್ಕನ ಅಂಗಡಿಗೆ?"

"ಬರದೆ ಇನ್ನೇನು? ಒಗೆಯೋ ಬಟ್ಟೆ ಇದ್ರೆ ತಗೊಂಡ್ ಬಾ. ಈ ಸಲ ನನ್ನ ಲೆಕ್ಕದಲ್ಲಿ."