ನವಣೆಗಿರಿಯ ನೂರು ಗೌಜಲಮರಿಗಳು

ಬೆಟ್ಟಕ್ಕೂ ಹಕ್ಕಿಗೂ ಮಾತು ಬರುತ್ತಿದ್ದ ಕಾಲದಲ್ಲಿ ನವಣೆಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಅರಮನೆಯ ಗೌಜಲಹಕ್ಕಿಗಳನ್ನು ಸಾಕುತ್ತಿದ್ದವರು ಕೆಂಚವ್ವ ಮತ್ತು ಅವಳ ಗಂಡ ಬೊಮ್ಮಯ್ಯ. ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ಬಂದು, ಬಲಿಗೆ ನೂರು ಹಕ್ಕಿ ಕೊಡು ಅಂದ. ಬೊಮ್ಮಯ್ಯ ಕೊಡಲಿಲ್ಲ. ಮಾಂತ್ರಿಕ ಒಂದು ಹಿಡಿ ಬೂದಿ ಎರಚಿದ. ಬೊಮ್ಮಯ್ಯ ನಿಂತಲ್ಲೇ ಕಲ್ಲಾದ.

“ಯುಗಾದಿಯೊಳಗೆ ಈ ಹಕ್ಕಿಗಳ ನೂರು ಮರಿ ಒಂದೇ ದಿನ ಹುಟ್ಟಿದರೆ ನಿನ್ನ ಗಂಡ ಎದ್ದಾನು. ಇಲ್ಲವೋ, ಪುಡಿಯಾದಾನು,” ಅಂದ ಧೂಮಾಕ್ಷ.

ಅಷ್ಟು ಧೈರ್ಯ ಎಲ್ಲಿಂದ ಬಂತು ಅಂತೀರಾ? ಅಲ್ಲಿ ವರ್ಷಕ್ಕೆ ಹತ್ತು ಮರಿ ಹುಟ್ಟಿದರೆ ಹೆಚ್ಚು ಅಂತ ಆ ಪಾಪಿಗೆ ಗೊತ್ತಿತ್ತು.

ಸಾಕಿದ ಗೌಜಲ ಮೊಟ್ಟೆ ಇಟ್ಟು ಮರೆತುಬಿಡುತ್ತದೆ, ಕಾವಿಗೆ ಕೂರುವುದಿಲ್ಲ. ಕೆಂಚವ್ವ ಊರಲ್ಲಿ ಕಾವು ಕೂತ ಕೋಳಿಗಳನ್ನು ಬೇಡಿದಳು. ಐದು ಮನೆಯ ಹೆಂಗಸರು ತಮ್ಮ ಮೊಟ್ಟೆಗಳನ್ನು ತೆಗೆದಿಟ್ಟು, ಕೋಳಿಗಳನ್ನು ಬುಟ್ಟಿ ಸಮೇತ ಕೊಟ್ಟರು. ಅವಳು ಅರಮನೆಯ ಪದ್ಧತಿಯಂತೆ ಗೌಜಲದ ಮೊಟ್ಟೆಗಳನ್ನು ಅರಿಸಿನದ ನೀರಲ್ಲಿ ತೊಳೆದು ಆ ಕೋಳಿಗಳ ಕೆಳಗೆ ಇಟ್ಟಳು. ಹದಿನೇಳು ದಿನಕ್ಕೆ ಹುಟ್ಟಿದ್ದು ಹನ್ನೊಂದೇ ಮರಿ.

ಅಳುತ್ತಾ ಬೆಟ್ಟ ಹತ್ತಿದಳು. ಅಲ್ಲಿ ಮುನ್ನೂರು ವರ್ಷದ ಕಾಡುಗೌಜಲಜ್ಜಿ ಇದ್ದಳು. ಮೊಟ್ಟೆಯ ಮೇಲೆ ತಾಯಿ ಹಚ್ಚಿದ ಲೇಪವಿರುತ್ತದೆ, ಅದನ್ನು ತೊಳೆದರೆ ಕೊಳೆ ಒಳಗಿಳಿಯುತ್ತದೆ ಅಂತ ಅಜ್ಜಿ ತಿಳಿಸಿದಳು. ಕೆಂಚವ್ವ ಕೈಮುಗಿದು ಬಂದಳು. ಈ ಸಲ ತೊಳೆಯಲಿಲ್ಲ. ಮೂವತ್ತು ಮರಿ ಹುಟ್ಟಿದವು.

ಮತ್ತೆ ಬೆಟ್ಟ ಹತ್ತಿದಳು. ಅರಮನೆಯಲ್ಲಿ ಪ್ರತಿ ಗಂಡಿಗೂ ಒಂದು ಹೆಣ್ಣೆಂದು ಪುರೋಹಿತರೇ ಹಕ್ಕಿಗಳಿಗೆ ಮದುವೆ ಮಾಡಿಸುತ್ತಿದ್ದರು! ಆಮೇಲೆ ಎಲ್ಲವನ್ನೂ ಒಂದೇ ಗೂಡಿಗೆ ಬಿಟ್ಟರೆ ಗಂಡುಗಳಿಗೆ ಕಾದಾಡುವುದೇ ಸಂಸಾರ. ಮೂರು ಹೆಣ್ಣಿಗೆ ಒಂದು ಗಂಡು ಸಾಕು ಅಂದಳು ಅಜ್ಜಿ. ಹಾಗೇ ಮಾಡಿದರೆ ಅರವತ್ತು ಹುಟ್ಟಿದವು.

ಮೂರನೆಯ ಸಲ ಧೂಮಾಕ್ಷ ದಾರಿಗೆ ಒಂದು ಹುಲಿಯನ್ನು ಬಿಟ್ಟಿದ್ದ. ಕೆಂಚವ್ವ ಕಣ್ಣುಮುಚ್ಚಿ ಅದರ ಬಾಯೊಳಗೇ ನಡೆದಳು. ಹುಲಿ ಬರೀ ಹೊಗೆ.

“ಮಗಳೇ, ಏಳು ತಲೆಮಾರಿನಿಂದ ಅಣ್ಣತಂಗಿಯರನ್ನೇ ಕೂಡಿಸುತ್ತಿದ್ದೀರಿ, ಮೊಟ್ಟೆಗೆ ಕಸುವಿಲ್ಲ. ನನ್ನ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗು,” ಅಂದಳು ಅಜ್ಜಿ. ಹದಿನೈದು ಕಾಡುಗಂಡುಗಳು ತಾವೇ ಬುಟ್ಟಿಗೆ ಇಳಿದವು.

ಅರಮನೆಯ ತಳಿ ಕೆಡುತ್ತದೆಂದು ರಾಜ ಬಾಗಿಲಿಗೇ ಅಡ್ಡ ನಿಂತ.

“ತಳಿ ಶುದ್ಧವಾಗಿಯೇ ಇದೆ ಪ್ರಭು. ಮರಿಗಳೇ ಸಾಲುತ್ತಿಲ್ಲ,” ಅಂದಳು ಕೆಂಚವ್ವ.

ರಾಜ ತಾನೇ ಅಗುಳಿ ತೆಗೆದ. ದೊಡ್ಡವನು ಅಂದರೆ ಹಾಗಿರಬೇಕು!

ಐದು ಕೋಳಿಗಳ ಕೆಳಗೆ ನೂರಿಪ್ಪತ್ತು ಮೊಟ್ಟೆ ಇಟ್ಟದ್ದಾಯಿತು. ಕೂತು ಕೂತು ಕೋಳಿಗಳು ಬಡಕಲಾಗಿದ್ದವು, ಎದೆಯ ಗರಿ ಉದುರಿತ್ತು. ಆದರೂ ಒಂದೂ ಎದ್ದು ಹೋಗಲಿಲ್ಲ. ಯುಗಾದಿಯ ದಿನ ಮೊಟ್ಟೆಗಳು ಒಡೆಯತೊಡಗಿದವು. ಸಂಜೆಗೆ ತೊಂಬತ್ತೊಂಬತ್ತು ಮರಿ. ಧೂಮಾಕ್ಷ ಬಂದು ನಕ್ಕ. ಕೊನೆಯ ಬುಟ್ಟಿಯ ಕೋಳಿ ಮೆಲ್ಲಗೆ ಮೈ ಸರಿಸಿತು. ಕೆಳಗಿನಿಂದ ಹೆಬ್ಬೆರಳಷ್ಟು ಮರಿಯೊಂದು ತಲೆ ಹಾಕಿ ಚಿಂವ್‌ಗುಟ್ಟಿತು.

ಧೂಮಾಕ್ಷ ಹೊಗೆಯಾಗಿ ಗಾಳಿಗೆ ಹೋದ, ಮತ್ತೆ ಬರಲಿಲ್ಲ. ಬೊಮ್ಮಯ್ಯನ ಕಲ್ಲುಮೈ ಬೆಚ್ಚಗಾಯಿತು. ಕಣ್ಣು ಬಿಟ್ಟು, ಕೆಂಚವ್ವಾ ಅಂತ ಕೈ ಚಾಚಿದ.

ಅವಳು ಅಳುತ್ತಲೇ ಅವನ ಕೈ ಹಿಡಿದು ಬುಟ್ಟಿಗಳ ಹತ್ತಿರ ಕರೆತಂದಳು. ಐದು ಮನೆಯ ಹೆಂಗಸರೂ ರಾಜನೂ ಅಲ್ಲೇ ನಿಂತಿದ್ದರು.

“ಮೊದಲು ಈ ತಾಯಂದಿರಿಗೆ ಕೈಮುಗಿಯಿರಿ. ಆಮೇಲೆ ನನ್ನ ಹತ್ತಿರ ಮಾತು,” ಅಂದಳು.

ಬೊಮ್ಮಯ್ಯ ಆ ಐವರು ಹೆಂಗಸರಿಗೂ ಕೈಮುಗಿದ. ಆಮೇಲೆ ನೆಲಕ್ಕೆ ಹಣೆಯಿಟ್ಟು ಐದು ಬಡಕಲು ಕೋಳಿಗಳಿಗೂ ನಮಸ್ಕಾರ ಮಾಡಿದ. ಪಕ್ಕದಲ್ಲೇ ರಾಜನೂ ಮಂಡಿಯೂರಿದ.