ಟೇಪಿನ ಬಾಲದಲ್ಲಿ ಕೇಳಿದ ಪ್ರಶ್ನೆ

"ಹಡಗು ಮುಳುಗಿದೆ ರೀ! ಸಾವಿರದೈನೂರು ಜನ ಸತ್ತಿದಾರೆ! ನೀವು ಸುದ್ದಿ ಹೇಳ್ತಿದೀರೋ, ಮದುವೆ ಊಟಕ್ಕೆ ಕರೀತಿದೀರೋ?"

ರೇಡಿಯೋ ಸ್ಟೇಷನ್ನಿನ ದಪ್ಪ ಬಾಗಿಲು ತಳ್ಕೊಂಡು ಅವಳು ಒಳಗೆ ನುಗ್ಗಿದ ರಭಸಕ್ಕೆ ಗೋಡೆ ಗಡಿಯಾರ ಹೆದರಿ ಎರಡು ನಿಮಿಷ ಹಿಂದಕ್ಕೆ ಓಡ್ತಂತೆ. ನಂಬದಿದ್ರೆ ಬಿಡಿ, ಕ್ಯಾಂಟೀನ್ ಮಾಮ ಕಣ್ಣಾರೆ ಕಂಡಿದಾನೆ.

ಮೈಕಿನ ಮುಂದೆ ಕೂತಿದ್ದ ಹೊಸ ಅನೌನ್ಸರ್ ಬೆಚ್ಚಿಬಿದ್ದ. ಪಾಪ, ಕೆಲಸಕ್ಕೆ ಸೇರಿ ಅದೇ ಮೊದಲನೇ ಬೆಳಗ್ಗೆ.

"ನಾನು... ಟೈಟಾನಿಕ್ ವಿಷಯ ಬರೆದಿತ್ತು, ಓದಿದೆ ಅಷ್ಟೇ ಮೇಡಂ."

"ಓದಿದ್ರಿ! ಹಲ್ಲು ಕಿರಿದು ಓದಿದ್ರಿ!"

"ಅಯ್ಯೋ, ನನ್ನ ಗಂಟಲೇ ಹಂಗೆ. ನಾನು ಅತ್ತರೂ ಜನ ಹಾಡು ಅಂದ್ಕೋತಾರೆ."

ಅವಳು ನಗಬಾರದು ಅಂತ ತುಟಿ ಕಚ್ಚಿದ್ಲು. ಅವನು ನೋಡಿಬಿಟ್ಟ.

ಅಲ್ಲಿಗೆ ಮುಗೀತು ನೋಡಿ! ಟೈಟಾನಿಕ್ ಮುಳುಗಿದ ದಿನವೇ ಇವನೂ ಮುಳುಗಿದ.

ಅವಳ ಕೆಲಸ ಏನು ಗೊತ್ತಾ? ದಿನಾ ಬೆಳಗ್ಗೆ ರೇಡಿಯೋದಲ್ಲಿ 'ಈ ದಿನ' ಅಂತ ಬರ್ತಿತ್ತು. ಇದೇ ತಾರೀಖಿಗೆ ಹಿಂದೆ ಪ್ರಪಂಚದಲ್ಲಿ ಏನೇನು ಆಯ್ತು ಅಂತ. ಯಾವ ರಾಜ ಸತ್ತ, ಯಾವ ಗೋಡೆ ಬಿತ್ತು, ಯಾರು ಮೊದಲು ಹಾರಿದ್ರು, ಎಲ್ಲಾ ಹುಡುಕಿ ಬರೆಯೋಳು ಅವಳು. ಅದಕ್ಕೇ ಎಲ್ಲರೂ 'ತಾರೀಖಮ್ಮ' ಅಂತಿದ್ರು. ಅವನಿಗೆ ಒಂದು ವಾರದಲ್ಲೇ 'ಜೇನುಗಂಟಲು' ಅಂತ ಹೆಸರು ಬಿತ್ತು. ಅವನು ಮಾತಾಡ್ತಿದ್ರೆ ಊರಲ್ಲಿ ಒಲೆ ಮೇಲಿನ ಹಾಲು ಉಕ್ಕೋದನ್ನ ಮರೆತು ಕಿವಿ ಕೊಡ್ತಿತ್ತು!

ಆ ದಿನದ ಗಲಾಟೆ ದೊಡ್ಡ ಸಾಹೇಬ್ರ ಕಿವಿಗೂ ಬಿತ್ತು. ಅವರು ಅಪ್ಪಣೆ ಮಾಡಿದ್ರು.

"ಇನ್ಮೇಲೆ ಹಿಂದಿನ ದಿನವೇ ಟೇಪ್ ಮಾಡಿ. ತಾರೀಖಮ್ಮ ಕೇಳಿ, ಸರಿ ಮಾಡಿದ ಮೇಲೇ ಬಿಡೋದು."

ಹಂಗಾಗಿ ಮಧ್ಯಾಹ್ನ ಅವನು ಗಾಜಿನ ರೂಮಲ್ಲಿ ಓದಿ ಟೇಪ್ ತುಂಬ್ತಿದ್ದ. ಆಮೇಲೆ ಅವಳು ಪಕ್ಕದ ರೂಮಲ್ಲಿ ಒಬ್ಬಳೇ ಹೆಡ್‌ಫೋನ್ ಹಾಕ್ಕೊಂಡು, ಅವನ ಕೆಮ್ಮು, ತೊದಲು ಎಲ್ಲಾ ಬ್ಲೇಡಲ್ಲಿ ಕತ್ತರಿಸಿ ಅಂಟಿಸ್ತಿದ್ಲು. ಓದು ಮುಗಿದ ಮೇಲೆ ಉಳಿಯೋ ಟೇಪಿಗೆ ಅವರು 'ಬಾಲ' ಅಂತಿದ್ರು. ಬಾಲ ಕತ್ತರಿಸಿ, ಅಳಿಸೋ ಯಂತ್ರದ ಮೇಲಿಟ್ಟು ಗುಂಡಿ ಒತ್ತಿದ್ರೆ ಎಲ್ಲಾ ಸಾಫ್. ಮತ್ತೆ ಹೊಸ ಟೇಪಿನ ಹಾಗೆ.

ಒಂದು ದಿನ ಆ ಬಾಲದಿಂದ ಮಾತು ಬಂತು!

"ಈ ದಿನ... ಕ್ಯಾಂಟೀನಿನ ಇತಿಹಾಸದಲ್ಲಿ ಮೊದಲ ಬಾರಿಗೆ ಮಾಮ ಚಹಾಕ್ಕೆ ಸಕ್ಕರೆ ಹಾಕಿದ್ದಾನೆ. ಜನ ಬೀದಿಗಿಳಿದು ಕುಣೀತಿದ್ದಾರೆ."

ಅವಳು ಒಬ್ಬಳೇ ಕೂತು ಹೊಟ್ಟೆ ಹಿಡ್ಕೊಂಡು ನಕ್ಕಳು. ಆಮೇಲೆ ಅಳಿಸಿದ್ಲು. ಮರುದಿನ ಇನ್ನೊಂದು. ಅದರ ಮರುದಿನ ಮತ್ತೊಂದು. ಊರಿಗೆಲ್ಲ ಟೇಪಿನ ತಲೆ, ಅವಳೊಬ್ಬಳಿಗೆ ಬಾಲ.

'ಇವನು ಬೇರೆ ಯಾರಿಗಾದ್ರೂ ಹೀಗೆ ಹೇಳ್ತಾನಾ?' ಅಂತ ಕೇಳ್ಕೊಳ್ಳೋಳು. 'ಹೇಳಿದ್ರೆ ಹೇಳ್ಲಿ, ನನಗೇನು' ಅಂತ ತಾನೇ ಉತ್ತರ ಕೊಡೋಳು. ಆದ್ರೆ ಮಧ್ಯಾಹ್ನ ಆಗೋದನ್ನೇ ಕಾಯೋಳು.

ಎಷ್ಟು ತಿಂಗಳಾದ್ರೂ ಇಬ್ಬರೂ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ರೇಡಿಯೋದವರೇ ಹಂಗೆ. ಊರಿಗೆಲ್ಲಾ ಮಾತು, ಬೇಕಾದವರ ಮುಂದೆ ಮೂಕರು.

ಮುಂದಿನ ವರ್ಷ ಜುಲೈ ತಿಂಗಳು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ದಿನದ ಟೇಪ್ ಆಗ್ತಿತ್ತು. ಅವಳು ಚಹಾ ಕುಡಿಯೋಕೆ ಹೋದಾಗ ಕ್ಯಾಂಟೀನ್ ಮಾಮ ಮೆಲ್ಲಗೆ ಹತ್ತಿರ ಬಂದ.

"ಏನಮ್ಮಾ, ನಿನ್ನ ಜೇನುಗಂಟಲು ಹೊರಟ್ನಂತೆ?"

"ಎಲ್ಲಿಗೆ?"

"ದೂರದ ಸ್ಟೇಷನ್ನಿಗೆ ವರ್ಗ ಆಗಿದೆಯಂತೆ. ತಾನೇ ಕೇಳಿ ತಗೊಂಡಿದ್ದಂತೆ. ನಿನಗೆ ಹೇಳಲಿಲ್ವಾ?"

ಅವಳು ಚಹಾ ಲೋಟ ಹಾಗೇ ಬಿಟ್ಟು ಎದ್ದಳು.

'ಸಕ್ಕರೆ ವಿಷಯ ಹೇಳೋಕೆ ಟೈಮಿತ್ತು. ಇದನ್ನ ಹೇಳೋಕೆ ಇರಲಿಲ್ವಾ? ಇಷ್ಟು ದಿನ ನಾನು ಯಾರು ಹಾಗಾದ್ರೆ? ಟೇಪ್ ಕತ್ತರಿಸೋ ಕತ್ತರಿನಾ?'

ರೂಮಿಗೆ ಬಂದ್ಲು. ಟೇಪ್ ಬಂದಿತ್ತು. ಚಂದ್ರನ ಓದು ಮುಗೀತು. ನೋಡಿದ್ರೆ ಇವತ್ತು ಬಾಲ ಉದ್ದ ಇದೆ! ಬೇರೆ ದಿನಕ್ಕಿಂತ ಎಷ್ಟೋ ಉದ್ದ.

'ಇವತ್ತೂ ತಮಾಷೆ! ಹೋಗೋ ದಿನವೂ ನನ್ನ ನಗಿಸಿ ಹೋಗ್ಬೇಕಾ?'

ಕರ್ರ್ ಅಂತ ಕತ್ತರಿಸಿದ್ಲು. ಕೇಳಲೇ ಇಲ್ಲ. ಯಂತ್ರದ ಮೇಲಿಟ್ಟು ಗುಂಡಿ ಒತ್ತಿದ್ಲು.

ಸಾಫ್.

ಅಯ್ಯೋ... ಆ ಬಾಲದಲ್ಲಿ ಏನಿತ್ತು ಅಂತ ಅವಳಿಗೆ ಗೊತ್ತಾಗಲಿಲ್ಲ. ನಿಮಗೆ ಹೇಳ್ತೀನಿ ಕೇಳಿ. ಎಲ್ಲರನ್ನೂ ಹೊರಗೆ ಕಳಿಸಿ, ಬೆವರು ಒರೆಸ್ಕೊಂಡು ಅವನು ಹೇಳಿದ್ದು ಇದು.

"ವರ್ಗದ ಆರ್ಡರ್ ಬಂದಿದೆ. ನಾನು ಕೇಳಿದ್ದಲ್ಲ, ಮೇಲಿನವರು ಹಾಕಿದ್ದು. ಇಲ್ಲೇ ಇರ್ತೀನಿ ಅಂತ ಹೇಳೋಕೆ ನನಗೊಂದು ಕಾರಣ ಬೇಕು... ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ಅಮ್ಮನಿಗೆ ಹೇಳಿದೀನಿ, ಅವರಿಗೆ ಕಾಲು ನೆಲದ ಮೇಲೆ ನಿಲ್ತಿಲ್ಲ. ನೀವು ಹೂಂ ಅಂದ್ರೆ ಯಾರು ಓಡಿಸಿದ್ರೂ ಹೋಗಲ್ಲ."

ಇಷ್ಟು ಹೇಳಿ, ಹೊರಗೆ ಬಂದು ಬಾಗಿಲ ಹತ್ರ ನಿಂತಿದ್ದ. ಅವಳು ಬಂದ್ಲು. ಮುಖ ಊದಿತ್ತು.

"ಕೇಳಿದ್ರಾ?" ಅಂದ.

ಅವಳು 'ಇಲ್ಲ' ಅನ್ನಬೇಕಿತ್ತು. ಒಂದೇ ಮಾತು! ಆದ್ರೆ ಹಟ ಬಿಡಬೇಕಲ್ಲ?

"ಕೇಳಿದೆ."

"ಏನು... ಏನನ್ನಿಸ್ತು?"

"ಅನ್ನಿಸೋದೇನು? ಅಳಿಸಿಬಿಟ್ಟೆ. ಇಂಥದಕ್ಕೆಲ್ಲ ನನಗೆ ಪುರುಸೊತ್ತಿಲ್ಲ. ಹೋಗೋರು ಸುಮ್ಮನೆ ಹೋಗ್ಬೇಕು."

ಅವನ ಮುಖ ಸುಣ್ಣದ ಗೋಡೆ ಆಯ್ತು. ತಿರುಗಿ ಸೀದಾ ಸಾಹೇಬ್ರ ರೂಮಿಗೆ ಹೋದ.

ಮರುದಿನ ಅವನ ಕುರ್ಚಿ ಖಾಲಿ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?

ಅವಳ ಸಿಟ್ಟು ಇಳಿದದ್ದು ಯಾವಾಗ ಗೊತ್ತಾ? ಕ್ಯಾಂಟೀನ್ ಮಾಮ ತಲೆ ಕೆರ್ಕೊಂಡು ಬಂದಾಗ.

"ತಪ್ಪು ಹೇಳಿದ್ನಮ್ಮಾ. ಅವನು ಕೇಳಿ ತಗೊಂಡಿದ್ದಲ್ಲವಂತೆ. ರದ್ದು ಮಾಡಿ ಅಂತ ಸಾಹೇಬ್ರ ಹತ್ರ ಗೋಗರೆದಿದ್ನಂತೆ. ಆಮೇಲೆ ಏನಾಯ್ತೋ, ತಾನೇ ಬಂದು 'ಬೇಡ ಬಿಡಿ, ಹೋಗ್ತೀನಿ' ಅಂದನಂತೆ."

'ಹಾಗಾದ್ರೆ... ಆ ಬಾಲದಲ್ಲಿ ಏನಿತ್ತು?'

ಆ ಪ್ರಶ್ನೆ ಎದೆಯಲ್ಲಿ ಮುಳ್ಳಾಗಿ ಕೂತ್ಕೊಂತು. ದೂರದ ಸ್ಟೇಷನ್ನಿಗೆ ಫೋನ್ ಮಾಡಿದ್ಲು. ಬಂದ ಸ್ವಲ್ಪ ದಿನಕ್ಕೇ ಕೆಲಸ ಬಿಟ್ಟ, ಎಲ್ಲಿದಾನೋ ಗೊತ್ತಿಲ್ಲ ಅಂದ್ರು. ಅಳಿಸಿದ ಟೇಪನ್ನ ಯಂತ್ರಕ್ಕೆ ಹಾಕಿ ಕಿವಿ ಕೊಟ್ಲು. ಬರೀ ಸುಂಯ್... ಅನ್ನೋ ಸದ್ದು. ಎಷ್ಟು ಸಲ ಕೇಳಿದ್ರೂ ಸುಂಯ್... ಅಷ್ಟೇ.

ವರ್ಷಗಳು ಉರುಳಿದ್ವು. ಮನೆಯಲ್ಲಿ ಅಕ್ಕನ ಬೈಗುಳ ತಪ್ಪಲಿಲ್ಲ.

"ನೆಪೋಲಿಯನ್ ಸೋತ ದಿನ ಬಾಯಿಪಾಠ, ನಿನ್ನ ವಯಸ್ಸೆಷ್ಟು ಅಂತ ನೆನಪಿದೆಯೇನೇ? ಬಂದ ಗಂಡುಗಳನ್ನೆಲ್ಲ ಓಡಿಸ್ತಾ ಇದ್ರೆ ಕೊನೆಗೆ ತಾರೀಖನ್ನೇ ಕಟ್ಕೋ!"

"ಕಟ್ಕೊಂಡಿದೀನಿ ಬಿಡಕ್ಕಾ. ದಿನಾ ಬೆಳಗ್ಗೆ ಹೊಸಬ ಬರ್ತಾನೆ."

ಭಾವ ಪೇಪರ್ ಮರೆಯಲ್ಲಿ ಕಿಸಕ್ ಅಂದ್ರು. ಅಕ್ಕನಿಗೆ ನಗು ಬರಲಿಲ್ಲ. ತಂಗಿ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳೋದು ಅಕ್ಕನಿಗೆ ಗೊತ್ತಿತ್ತು.

ಟೇಪು ಹೋಯ್ತು, ಕಂಪ್ಯೂಟರ್ ಬಂತು. ಅನೌನ್ಸರ್‌ಗಳು ಕಮ್ಮಿ ಆದ್ರು. ಬರೆಯೋಳೇ ಓದ್ಬೇಕು ಅಂತ ಅವಳನ್ನೇ ಮೈಕಿನ ಮುಂದೆ ಕೂರಿಸಿದ್ರು. ಜೊತೆಗೊಂದು ಹೊಸ ಆಟ. ಅವಳು ಆ ದಿನದ ಇತಿಹಾಸ ಹೇಳಿದ ಮೇಲೆ, ಕೇಳೋರು ಫೋನ್ ಮಾಡಿ 'ಇದೇ ತರಹ ನಮ್ಮ ಬದುಕಲ್ಲೂ ಆಗಿತ್ತು' ಅಂತ ಹೇಳ್ಬೇಕು. ಎಂಥೆಂಥ ಫೋನು ಅಂತೀರಿ! ಬರ್ಲಿನ್ ಗೋಡೆ ಬಿದ್ದ ದಿನ ಒಬ್ಬ ಅಜ್ಜ, "ನಮ್ಮನೆ ಕಾಂಪೌಂಡೂ ಬಿತ್ತಮ್ಮಾ, ಆಚೆ ಮನೆಯವನ ಹತ್ರ ಮೂವತ್ತು ವರ್ಷದ ಮೇಲೆ ಮಾತಾಡಿದೆ" ಅಂದ. ವಿಮಾನ ಮೊದಲು ಹಾರಿದ ದಿನ ಒಬ್ಬಾಕೆ, "ನನ್ನ ಗಂಡ ಮೊದಲ ಸಲ ಪಾತ್ರೆ ತೊಳೆದ, ತಟ್ಟೆ ಹಾರ್ತು" ಅಂದ್ಲು.

ಆಮೇಲೆ ಬಂತು ಒಂದು ಜನವರಿ ಎಂಟು.

ಅವಳು ಓದಿದ್ಲು.

"ಈ ದಿನ, ಸಾವಿರದ ಎಂಟುನೂರ ಹದಿನೈದರಲ್ಲಿ, ಇಂಗ್ಲಿಷರಿಗೂ ಅಮೆರಿಕದವರಿಗೂ ನ್ಯೂ ಓರ್ಲಿಯನ್ಸ್ ಹತ್ರ ದೊಡ್ಡ ಯುದ್ಧ ಆಯ್ತು. ನೂರಾರು ಜನ ಸತ್ತರು. ಆದ್ರೆ ಕೇಳಿ... ಅದಕ್ಕೆ ಎರಡು ವಾರ ಮುಂಚೆನೇ ಸಮುದ್ರದ ಆಚೆ ಎರಡೂ ಕಡೆಯವರು ರಾಜಿಗೆ ಸಹಿ ಹಾಕಿದ್ರು. ಆಗ ತಂತಿ ಇಲ್ಲ, ಫೋನಿಲ್ಲ. ಹಡಗಲ್ಲೇ ಸುದ್ದಿ ಬರಬೇಕು. ರಾಜಿ ಆದ ಸುದ್ದಿ ತಲುಪದೆ... ಸುಮ್ಮನೆ... ಹೊಡೆದಾಡಿದ್ರು."

ಕೊನೇ ಮಾತಿಗೆ ಅವಳ ಧ್ವನಿ ಒಡೀತು. ಫೋನ್ ದೀಪ ಹೊತ್ಕೊಂತು. ಗುಂಡಿ ಒತ್ತಿದ್ಲು.

"ನಮಸ್ಕಾರ, ಹೇಳಿ..."

ಆ ಕಡೆ ಉಸಿರು. ಆಮೇಲೆ ಧ್ವನಿ. ಸ್ವಲ್ಪ ಒರಟಾಗಿತ್ತು. ಆದ್ರೆ ಜೇನು ಹಳೇದಾದ್ರೆ ಬೇವಾಗುತ್ತಾ?

"ನನ್ನದೂ ಇಂಥದೇ ಒಂದು ಸಂದೇಹ ಮೇಡಂ. ನಾನೂ ಒಂದು ಸಲ ಒಬ್ಬರಿಗೆ ರಾಜಿ ಸುದ್ದಿ ಕಳಿಸಿದ್ದೆ. ಅವರು 'ಕೇಳಿದೆ, ಅಳಿಸಿಬಿಟ್ಟೆ' ಅಂದ್ರು. ನಂಬಿಬಿಟ್ಟೆ. ಇವತ್ತು ನಿಮ್ಮ ಧ್ವನಿ ಒಡೆದದ್ದು ಕೇಳಿ... ತಲುಪಲೇ ಇಲ್ವೇನೋ ಅನ್ನಿಸ್ತು."

ಊರೆಲ್ಲಾ ಕೇಳ್ತಿದೆ. ಗಾಜಿನ ಆಚೆಯಿಂದ ಸಾಹೇಬ್ರು 'ಕಟ್ ಮಾಡು, ಕಟ್ ಮಾಡು' ಅಂತ ಕೈ ಬೀಸ್ತಿದಾರೆ.

'ಅವತ್ತು ಕತ್ತರಿಸಿದ್ದು ಸಾಕು!'

"ಕೇಳಿರಲಿಲ್ಲ!" ಅಂದ್ಲು. "ನಾನು ಕೇಳಿರಲೇ ಇಲ್ಲ ರೀ... ಹೇಳದೆ ಹೋಗ್ತಿದೀರ ಅಂತ ಸಿಟ್ಟು. ಕೇಳದೇನೇ ಅಳಿಸಿದೆ. ಕೇಳಿದೆ ಅಂತ ಸುಳ್ಳು ಹೇಳಿದೆ. ಅವತ್ತಿಂದ ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಿಲ್ಲ... ಎಲ್ಲಿದೀರ ನೀವು?"

ಆ ಕಡೆ ಗಂಟೆ ಬಾರಿಸಿದ ಸದ್ದು. "ಒಂದು ನಿಮಿಷ, ಗಾಡಿ ಬಂತು..." ಅಂದವನು ಫೋನ್ ಕೆಳಗಿಟ್ಟ. ಊರಿಗೂರೇ ಕೇಳ್ತು, ಅಳು ತುಂಬಿದ ಜೇನುಗಂಟಲಲ್ಲಿ, "ಪ್ರಯಾಣಿಕರ ಗಮನಕ್ಕೆ..." ಅಂತ! ಒಂದನೇ ಪ್ಲಾಟ್‌ಫಾರಂ ಗಾಡಿಗೆ ಮೂರು ಅಂತ ಹೇಳಿದ್ನಂತೆ. ಜನ ಮೂಟೆ ಹೊತ್ಕೊಂಡು ಸೇತುವೆ ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು, ಒಬ್ಬ ದಪ್ಪನೆಯ ಸಾಹುಕಾರ ಅವತ್ತೇ ಅರ್ಧ ಸಣ್ಣಗಾದ ಅಂತಾರೆ!

ಫೋನ್ ಕಟ್ಟಾಯ್ತು. ಆದ್ರೆ ರೇಡಿಯೋ ಸ್ಟೇಷನ್ನಿನ ಅಷ್ಟೂ ಫೋನುಗಳು ಒಟ್ಟಿಗೆ ಬಡ್ಕೊಂಡ್ವು.

"ತಾಯಿ, ಆ ಧ್ವನಿ ರೈಲ್ವೆ ಜಂಕ್ಷನ್ನಿಂದು! ನಾನು ದಿನಾ ಅಲ್ಲೇ ಗಾಡಿ ಹತ್ತೋದು!"

"ಹೋಗಮ್ಮಾ, ಹನ್ನೊಂದು ಗಂಟೆಗೆ ಗಾಡಿ ಇದೆ!"

ಕೊನೆಗೆ ಅಕ್ಕ. "ಲೇ, ಹೊರಡೇ! ಆ ಹಳೇ ಸೀರೆಯಲ್ಲೇ ಹೋಗ್ಬೇಡ... ಬೇಡ, ಅದರಲ್ಲೇ ಹೋಗು, ಮನೆಗೆ ಬಂದ್ರೆ ಮತ್ತೆ ಯೋಚನೆ ಮಾಡ್ತೀಯ!"

ಜಂಕ್ಷನ್ನಿನ ಅನೌನ್ಸರ್ ರೂಮು ಬೆಂಕಿಪೊಟ್ಟಣದಷ್ಟು. ಒಂದು ಮೈಕು, ಒಂದು ಫ್ಯಾನು, ಒಂದು ಸ್ಟೂಲು. ಅವನು ಎದ್ದು ನಿಂತ. ಕಿವಿ ಹತ್ರ ಕೂದಲು ಬೆಳ್ಳಗಾಗಿತ್ತು. ಅವಳಿಗೂ ಅಷ್ಟೇ. ಇಬ್ಬರೂ ಒಬ್ಬರ ನರೆ ಒಬ್ಬರು ನೋಡಿದ್ರು. ಒಟ್ಟಿಗೆ ಬರಬೇಕಿದ್ದ ನರೆ... ಬೇರೆ ಬೇರೆ ಊರಲ್ಲಿ ಬಂದಿತ್ತು.

"ಏನಿತ್ತು ಅದರಲ್ಲಿ?" ಅಂದ್ಲು.

ಅವನು ಹೇಳಿದ. ಅವಳು ಸ್ಟೂಲಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡ್ಲು.

"ಅಮ್ಮ ಹೇಗಿದಾರೆ?"

ಅವನು ಕಿಟಕಿ ಕಡೆ ತಿರುಗಿದ.

"ಹೋದ ವರ್ಷ ಹೋದ್ರು. ದಿನಾ ಕೇಳೋರು, 'ಆ ಹುಡುಗಿ ಏನಂದ್ಲೋ?' ಅಂತ. ಬೇಡ ಅಂದ್ಲು ಅಂತ ಹೇಳೋಕೆ ನನ್ನ ಕೈಲಾಗಲಿಲ್ಲ. 'ಯೋಚನೆ ಮಾಡ್ತಿದಾಳಮ್ಮಾ' ಅಂತಿದ್ದೆ. ಆಸ್ಪತ್ರೆಯಲ್ಲೂ ಕೇಳಿದ್ರು. ಅಲ್ಲೂ ಅದೇ ಹೇಳಿದೆ. 'ಪಾಪ, ಅವಸರ ಮಾಡ್ಬೇಡವೋ, ನಿಧಾನಕ್ಕೆ ಹೇಳ್ಲಿ' ಅಂದ್ರು."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನಿಗೆ ತಪ್ಪಿದ ವರ್ಷಗಳನ್ನ ಹೇಗೋ ತುಂಬಿಕೊಡಬಹುದು. ಆ ಮುದುಕಿ ಕಾದ ದಿನಗಳನ್ನ ಯಾವ ಅಂಗಡಿಯಿಂದ ತರೋದು?

"ನನ್ನ ಕ್ಷಮಿಸಬೇಡಿ" ಅಂದ್ಲು.

"ನಾನೂ ಇನ್ನೊಂದು ಸಲ ಬಾಯಿ ಬಿಟ್ಟು ಕೇಳಬಹುದಿತ್ತು. ದಿನಕ್ಕೆ ನೂರು ಸಲ ಗಾಡಿ ಕರೀತೀನಿ, ನಿಮ್ಮನ್ನ ಒಂದು ಸಲ ಕರೆಯೋಕೆ ಆಗಲಿಲ್ಲ."

ಅವನು ಅವಳ ಮುಂದೆ ಮಂಡಿ ಊರಿ ಕೂತ. ಕೈ ಹಿಡಿದ. ಇಷ್ಟು ವರ್ಷಕ್ಕೆ ಅದೇ ಮೊದಲನೇ ಸಲ.

"ಅಮ್ಮನಿಗೆ ಈಗ ಏನಂತ ಹೇಳ್ಲಿ?"

ಅವಳು ಸೆರಗಿನಿಂದ ಕಣ್ಣೊರೆಸ್ಕೊಂಡು, ಯಾರೂ ಇಲ್ಲದ ಮೂಲೆ ನೋಡಿ ಪಿಸುಗುಟ್ಟಿದ್ಲು.

"ಅತ್ತೆ... ನನಗೆ ಒಪ್ಪಿಗೆ."

"ಇಷ್ಟು ಮೆಲ್ಲಗೆ ಹೇಳಿದ್ರೆ ಅವರಿಗೆ ಕೇಳಿಸಲ್ಲ ರೀ," ಅಂದ ಅವನು, ಅಳ್ತಾ ನಗ್ತಾ. "ಅಮ್ಮನಿಗೆ ಕಿವಿ ಸ್ವಲ್ಪ ಮಂದ."

"ಅತ್ತೇ! ನನಗೆ ಒಪ್ಪಿಗೆ!"

"ಹಾಂ... ಈಗ ಸರಿಯಾಯ್ತು."