ಪತಂಗಗಳ ಬೀಗತನ

ಬಹಳ ಕಾಲದ ಹಿಂದೆ ತೆನೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಮೆಕ್ಕೆಜೋಳವೇ ಅನ್ನ, ಮೆಕ್ಕೆಜೋಳವೇ ರೊಟ್ಟಿ. ರಾಜ ಬೊಪ್ಪರಸನಿಗಿದ್ದ ಶತ್ರು ಒಂದೇ, ದಂಟು ಕೊರೆಯುವ ಹುಳ. ಬೇರೆ ರಾಜರು ಅವನ ಮೇಲೆ ದಂಡೆತ್ತಿ ಬರುತ್ತಿರಲಿಲ್ಲ. ಹುಳ ತಿಂದುಬಿಟ್ಟದ್ದನ್ನು ಗೆಲ್ಲಲು ಯಾರು ಅಷ್ಟು ದೂರ ನಡೆಯುತ್ತಾರೆ?

ಒಮ್ಮೆ ಘೋರಜಟಿ ಎಂಬ ಮಾಂತ್ರಿಕ ಬಂದ. ಅವನು ಬೀಜದ ಮೇಲೆ ಉಸಿರು ಬಿಟ್ಟರೆ, ಅದರ ಎಲೆ ಕಚ್ಚಿದ ಹುಳ ಸಾಯುತ್ತಿತ್ತು. ಮನುಷ್ಯರಿಗೆ ಏನೂ ಆಗುತ್ತಿರಲಿಲ್ಲ.

"ಪ್ರತಿಯಾಗಿ ರಾಣಿಯವರ ನಗು ಸಾಕು," ಎಂದ.

ರಾಣಿ ನಗುತ್ತಿದ್ದದ್ದು ಹೆಚ್ಚಾಗಿ ರಾಜನನ್ನು ನೋಡಿಯೇ. ರಾಜ ಕೂಡಲೇ ಒಪ್ಪಿದ.

ಹುಳುಗಳು ಸತ್ತವು. ಸಂತೋಷ ತಾಳಲಾರದೆ ರಾಜ ಡಂಗುರ ಹೊಡೆಸಿದ: "ಇನ್ನು ಗೇಣು ನೆಲದಲ್ಲೂ ಹಳೆಯ ಬೀಜ ಬೀಳಕೂಡದು!" ಆದರೆ ಹಿಡಿಯಷ್ಟು ಹುಳ ಸಾಯದೆ ಉಳಿದವು. ಅವುಗಳ ಮಕ್ಕಳು ಎಲೆ ತಿಂದು ತೇಗಿದವು. ಮಾಂತ್ರಿಕ ಮತ್ತೆ ಬಂದು ಇನ್ನೊಂದು ಉಸಿರು ಬಿಟ್ಟ, ಊರಿನ ಹಾಡುಗಳನ್ನು ಒಯ್ದ. ಹುಳುಗಳು ಸತ್ತವು, ಹಿಡಿಯಷ್ಟು ಸಾಯದೆ ಉಳಿದವು, ಅವುಗಳ ಮಕ್ಕಳೂ ತಿಂದು ತೇಗಿದವು.

ಮೂರನೆಯ ಸಲ ಮಾಂತ್ರಿಕ ಹೇಳಿದ, "ಇನ್ನು ಉಸಿರು ಸಾಲದು ಪ್ರಭು. ಯುವರಾಜರನ್ನೇ ಬೀಜ ಮಾಡಿ ಬಿತ್ತಬೇಕು."

ಯುವರಾಜ ಕೇತರಸನಿಗೆ ಆಗತಾನೇ ಮೀಸೆ ಬಂದಿತ್ತು. ಮೊಳಕೆ ಬರಲೆಂದು ಅವನು ಬಯಸಿರಲಿಲ್ಲ.

"ಅಪ್ಪಾಜಿ, ನೀವೇನಂತೀರಿ?"

"ರಾಜ್ಯ ಹಸಿದಿದೆ ಮಗನೇ," ಎಂದ ರಾಜ, ಕಣ್ಣು ತಪ್ಪಿಸಿ. "ಮಳೆ ಬೀಳುವವರೆಗೆ ಸಮಯವಿದೆ. ಬೇರೆ ದಾರಿ ಇದ್ದರೆ ಹುಡುಕು."

ಕೇತರಸ ಹೊಲಕ್ಕೆ ಹೋಗಿ ಒಂದು ಒಣದಂಟನ್ನು ತಟ್ಟಿದ. ತಟ್ಟಿದೊಡನೆ ಅವನು ಕಾಳಿನಷ್ಟು ಚಿಕ್ಕವನಾದ, ದಂಟಿನಲ್ಲೊಂದು ಬಾಗಿಲು ತೆರೆಯಿತು. ಒಳಗೆ ಹುಳುಕುಲದ ಹಿರಿಯಳಾದ ಬೂದುಬಣ್ಣದ ಪತಂಗ ಕುಳಿತಿದ್ದಳು. ಅವನು ಕತ್ತಿ ಹಿರಿದ.

"ಕೂತ್ಕೊಳಪ್ಪ," ಎಂದಳು ಅಜ್ಜಿ. "ಕೊಲ್ಲೋದಾದ್ರೂ ಕೂತು ಕೊಲ್ಲು. ಎಷ್ಟು ಜನ ಸತ್ತರೋ, ಹೆಸರು ಹಿಡಿದು ಅಳೋಕೂ ನಂಗೆ ನೆನಪಿಲ್ಲ."

ಕತ್ತಿ ಕೆಳಗಿಳಿಯಿತು. "ಉಳಿದವರು ಚೆನ್ನಾಗಿದ್ದಾರಲ್ಲಜ್ಜಿ? ವಿಷವನ್ನೇ ಅರಗಿಸ್ಕೋತಾರೆ."

"ಚೆನ್ನಾಗಿದ್ದಾರೆ! ಅರಗಿಸೋದ್ರಲ್ಲೇ ಸುಸ್ತಾಗಿ ನನ್ನ ಮೊಮ್ಮಕ್ಕಳಿಗೆ ರೆಕ್ಕೆ ಬಲೀಲಿಲ್ಲ. ನೋಡು, ಹಾರೋ ಬದಲು ನಡೀತಾವೆ."

"ಬೇರೆ ಕಡೆ ಸಂಬಂಧ ನೋಡಬಾರದೇ?"

"ಇಲ್ಲಿರೋರೆಲ್ಲ ವಿಷ ಅರಗಿಸೋರೇ. ಅವರವರಲ್ಲೇ ಮದುವೆ, ಹುಟ್ಟೋವೂ ಅಂಥವೇ. ಗುಡ್ಡದಾಚೆ ಹುಲ್ಲು ತಿನ್ನೋ ನೆಂಟರಿದ್ದಾರೆ, ಎಂಥಾ ರೆಕ್ಕೆ ಅಂತೀ! ಇಲ್ಲಿ ಎಲೆ ಕಚ್ಚಿದ್ರೆ ಸಾಯ್ತಾರೆ. ಊಟವೇ ಇಲ್ಲದ ಊರಿಗೆ ಬೀಗರು ಬರ್ತಾರೇನಪ್ಪಾ?"

ಕೇತರಸ ಕತ್ತಿಯನ್ನು ಒರೆಗೆ ಸೇರಿಸಿದ. "ಬಂದರೆ, ಆಮೇಲೆ ಹುಟ್ಟುವ ಮಕ್ಕಳಿಗೆ ವಿಷ ಅರಗುತ್ತದೆಯೇ?"

"ಇಲ್ಲ. ಆದ್ರೆ ಹಾರ್ತಾವೆ. ತಿನ್ನೋಕೆ ಬೇರೆ ಎಲೆ ಇದ್ರೆ, ಮಂತ್ರದೆಲೆ ಮುಟ್ಟಬೇಡಿ ಅಂತ ಹೇಳಿ ಬೆಳೆಸ್ತೀನಿ. ಮಾತು ಕೇಳದ ಮಕ್ಕಳು ನಿಮ್ಮಲ್ಲೂ ಇರ್ತಾರೆ."

ಅರಮನೆಗೆ ಮರಳಿದ ಕೇತರಸ, ಪ್ರತಿ ಹೊಲದ ಪಕ್ಕದಲ್ಲೂ ಹುಳುಗಳಿಗಾಗಿ ಉಸಿರು ತಾಗದ ಹಳೆಯ ಬೀಜ ಬಿತ್ತಬೇಕೆಂದ.

"ಶತ್ರುವಿಗೆ ಔತಣವೇ?" ಎಂದು ಮಂತ್ರಿಗಳು ಹೌಹಾರಿದರು.

"ಬೇಡವಾದರೆ ನನ್ನನ್ನು ಬಿತ್ತಿ. ಗೊಬ್ಬರ ಯಾವುದೆಂದು ಈಗಲೇ ತೀರ್ಮಾನಿಸಿ."

ರಾಜ ಎದ್ದು ಗುಡ್ಡದಾಚೆಯಿಂದ ಹಳೆಯ ಬೀಜ ತರಿಸಿದ. ಮೊದಲ ಸಾಲನ್ನು ತನ್ನ ಕೈಯಾರೆ ಬಿತ್ತಿದ. ಹಿಂದೆ ನಡೆದು ಬರುತ್ತಿದ್ದ ಮಗನ ಕಡೆ ಆಗ ನೇರವಾಗಿ ನೋಡಿದ.

ಬೀಗರು ಹಾರಿ ಬಂದರು. ಮದುವೆಗಳಾದವು. ಹುಟ್ಟಿದ ಮಕ್ಕಳಿಗೆ ಅಂಗೈ ಅಗಲದ ರೆಕ್ಕೆ. ಅವು ತಮ್ಮ ಸಾಲಿನಲ್ಲೇ ಉಂಡವು. ದಾಟಿ ಬಂದು ಮಂತ್ರದೆಲೆ ಕಚ್ಚಿದವು ಸತ್ತವು, ಅಜ್ಜಿ ಅವುಗಳಿಗಾಗಿ ಹೆಸರು ಹಿಡಿದು ಅತ್ತಳು. ಹಳೆಯ ಉಸಿರೇ ಸಾಕಾಯಿತು.

ಘೋರಜಟಿ ಗಡಿಯಲ್ಲಿ ಕರೆಗಾಗಿ ಕಾದ. ಯಾರೂ ಕರೆಯದ ಮಾಂತ್ರಿಕ ದಿನದಿನಕ್ಕೆ ತೆಳ್ಳಗಾಗುತ್ತಾನೆ. ಕೊನೆಗೊಂದು ಗಾಳಿ ಬೀಸಿತು, ಅವನು ಇರಲಿಲ್ಲ. ಅವನ ಜೋಳಿಗೆ ಬಿಚ್ಚಿಕೊಂಡು ಹಾಡುಗಳು ಊರಿಗೂ, ನಗು ರಾಣಿಗೂ ಮರಳಿದವು.

ಅಂದಿನಿಂದ ತೆನೆಗಿರಿಯಲ್ಲಿ ಜನ ತಮ್ಮ ಪಾಲು ತಿಂದು, ಹುಳುಗಳು ತಮ್ಮ ಪಾಲು ತಿಂದು, ಪಕ್ಕದವರ ಪಾಲೇ ಹೆಚ್ಚು ರುಚಿ ಎಂದುಕೊಳ್ಳುತ್ತಾ, ಎಲ್ಲರೂ ಸುಖವಾಗಿ ಬಾಳಿದರು.